ಹಿಟ್ಟಿನ ಗಿರಣಿಯಲ್ಲಿ ದೀರ್ಘ ಉಸಿರು

ರಾಮಾಂಜಿನಮ್ಮ ಧ್ಯಾನ ಮಾಡುತ್ತಿದ್ದಾರೆ ಎಂದು ನಾನು ನಂಬಿದ್ದೆ. ಮಧುಗಿರಿಯಲ್ಲಿ ಅವರ ಹಿಟ್ಟಿನ ಗಿರಣಿಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದ ಹೊಸತು. ಬೆಳಿಗ್ಗೆ ಬಾಗಿಲು ತೆರೆದರೆ ಆಯಮ್ಮ ಓಡುತ್ತಿರುವ ಮಿಷನ್ನಿನ ಪಕ್ಕ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ, ಸೆರಗನ್ನು ಮೂಗಿಗೆ ಸುತ್ತಿ, ಕಣ್ಣು ಮುಚ್ಚಿ ಕೂತಿದ್ದರು. ಅಷ್ಟು ಗದ್ದಲದ ನಡುವೆ ಒಂದು ರೆಪ್ಪೆಯೂ ಅಲ್ಲಾಡಲಿಲ್ಲ. ನಾನೋ ಹಿಂದಿನ ದಿನವಷ್ಟೇ ಫೋನಿಗೆ ಉಸಿರಾಟ ಕಲಿಸುವ ಆ್ಯಪ್ ಹಾಕಿಕೊಂಡಿದ್ದ ಸಾಧಕ. ಚಪ್ಪಲಿ ಬಿಟ್ಟು, ಭಕ್ತಿಯಿಂದ ಅವರ ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿ, ಹೊಟ್ಟೆ ತುಂಬ ಉಸಿರೆಳೆದೆ.

ಅಂದು ಮೆಣಸಿನಕಾಯಿ ಪುಡಿ ಮಾಡುವ ದಿನ.

ಆಮೇಲೆ ನಾನು ಬೀದಿಗೆ ಓಡಿದ್ದು, ಯಾರೋ ನನ್ನ ತಲೆಯ ಮೇಲೆ ಕೊಡ ಮಗುಚಿದ್ದು, ಸಾಲಿನಲ್ಲಿ ನಿಂತಿದ್ದ ಹೆಂಗಸರು ತಮ್ಮ ಡಬ್ಬಗಳನ್ನು ಮರೆತು ನಕ್ಕಿದ್ದು ಎಲ್ಲ ಮಂಜುಮಂಜಾಗಿ ನೆನಪಿದೆ. ಸೀನು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ನಾನು ಕೆಲಸ ಮಾಡುವ ಮೊಬೈಲ್ ಅಂಗಡಿಯಲ್ಲಿ ಗಿರಾಕಿಯ ಹೊಸ ಫೋನಿನ ಮೇಲೆ ಗಾಜು ಅಂಟಿಸುವಾಗ ಸೀನಿದ್ದಕ್ಕೆ ಮಾಲೀಕರು ನನ್ನನ್ನು ಗೋಡೌನಿಗೆ ಕಳಿಸಿದರು. ಸಂಜೆ ಬಂದರೆ ರಾಮಾಂಜಿನಮ್ಮ ಬಾಗಿಲಲ್ಲೇ ಕಾದಿದ್ದರು.

“ಉರಿ ತಡೀನಾರ್ದೆ ಕಣ್ಮುಚ್ಕೊಂಡಿದ್ರೆ, ಪಕ್ಕದಾಗೆ ಬಂದು ತಪಸ್ಸಿಗೆ ಕೂತವ್ನೆ ನಮ್ ಸಾಮಿ.”

ಅಂದಿನಿಂದ ಆ ಬೀದಿಯಲ್ಲಿ ನನ್ನ ಹೆಸರು ಸಾಮಿ.

ಅವರ ಗಿರಣಿಗೆ ಒಳ್ಳೆಯ ಹೆಸರಿದೆ, ಬಾಯಿಗೆ ಅದಕ್ಕಿಂತ ದೊಡ್ಡ ಹೆಸರಿದೆ. ಕಲ್ಲು ಆರಿಸದೆ ರಾಗಿ ತಂದವರ ಮನೆತನ, ಡಬ್ಬದ ಮುಚ್ಚಳ ಮರೆತು ಬಂದವರ ಬುದ್ಧಿ, ಯಾವುದನ್ನೂ ಅವರು ಬಿಟ್ಟವರಲ್ಲ. ಮೆಣಸಿನಕಾಯಿ ಮುಗಿದ ಮೇಲೆ ಮೊದಲು ಯಾರ ಧಾನ್ಯ ಹಾಕಬೇಕು ಎಂಬುದು ಗಿರಣಿಗಳಲ್ಲಿ ಹಳೆಯ ಜಗಳ. ಮೊದಲು ಹಾಕಿದವರ ಹಿಟ್ಟು ಖಾರವಾಗುತ್ತದೆ. ರಾಮಾಂಜಿನಮ್ಮ ತಮ್ಮದೇ ಹಳೆಯ ರಾಗಿ ಓಡಿಸಿ ಬೀಸುವ ಕಲ್ಲು ಶುದ್ಧ ಮಾಡಿ, ಆ ಹಿಟ್ಟನ್ನು ಚರಂಡಿಗೆ ಸುರಿದು, “ಇನ್ನೇನ್ರವ್ವಾ, ಗಂಗಾಸ್ನಾನ ಮಾಡ್ಸಿ ತರ್ಲಾ?” ಎಂದು ಸಾಲಿನವರನ್ನೆಲ್ಲ ಒಟ್ಟಿಗೆ ಬೈಯುತ್ತಿದ್ದರು. ಬೈಸಿಕೊಂಡವರು ಮತ್ತೆ ಬರುತ್ತಿದ್ದರು. ಹಿಟ್ಟು ಅಷ್ಟು ನಯ.

ಆದರೆ ಬರುಬರುತ್ತಾ ಅವರಿಗೆ ದಮ್ಮು ಹೆಚ್ಚಾಯಿತು. ಡಬ್ಬ ಎತ್ತಿ ಮಿಷನ್ನಿನ ಮೇಲಿನ ತಗಡಿನ ಬಾಯಿಗೆ ಸುರಿದರೆ ಸಾಕು, ಎದೆಯೊಳಗೆ ಸಿಳ್ಳೆ. ಮಗ ತಿಪ್ಪೇಶ್ ಶಿರಾದಲ್ಲಿ ಗೂಡ್ಸ್ ಆಟೋ ಓಡಿಸಿಕೊಂಡು ಸಂಸಾರ ಮಾಡಿಕೊಂಡಿದ್ದ. ಅವನೇ ಡಾಕ್ಟರ ಹತ್ತಿರ ಕರೆದೊಯ್ದ. ಡಾಕ್ಟರು ಕೊಳವೆ ಊದಿಸಿ ನೋಡಿ, ಬಾಯಿಂದ ಎಳೆದುಕೊಳ್ಳುವ ಔಷಧಿ ಕೊಟ್ಟು, ಮುಂದಿನ ತಿಂಗಳು ಮತ್ತೆ ಊದಬೇಕು ಎಂದರಂತೆ. ಆಗಲೂ ಗಾಳಿ ಸಾಲದಿದ್ದರೆ ಮಿಷನ್ನು ಮಾರಿ ಶಿರಾದ ಮನೆಗೆ ಬಂದುಬಿಡಬೇಕು ಎಂದು ಮಗ ಅಲ್ಲೇ ತಾಯಿಯಿಂದ ಮಾತು ತೆಗೆದುಕೊಂಡ.

ಆ ಸಂಜೆ ರಾಮಾಂಜಿನಮ್ಮ ನನ್ನ ಕೋಣೆಯ ಹೊಸಿಲಿಗೆ ಬಂದು, ಎಲ್ಲೋ ನೋಡುತ್ತಾ, ಫೋನಿನಾಗೆ ಉಸ್ರು ಕಲಿಸ್ತಾರಂತಲ್ಲ ಎಂದರು. ನನ್ನ ಜೀವನದಲ್ಲಿ ನನ್ನಿಂದ ಏನಾದರೂ ಕಲಿಯಬೇಕು ಎಂದು ಬಂದ ಮೊದಲ ಮನುಷ್ಯರು. ನಾನು ಅಂಗಿಯ ಗುಂಡಿ ಹಾಕಿಕೊಂಡು ಗುರುವಾದೆ.

ಆ್ಯಪ್‌ನಲ್ಲಿ ಒಬ್ಬಳು, ನಿಮ್ಮ ಉಸಿರನ್ನು ಸುಮ್ಮನೆ ಗಮನಿಸಿ ಎಂದು ಜೇನಿನಂಥ ದನಿಯಲ್ಲಿ ಹೇಳಿದಳು. ರಾಮಾಂಜಿನಮ್ಮ ಒಂದು ಕಣ್ಣು ತೆರೆದರು.

“ಯಾಕ್ಲಾ ಇವಳು ಇಷ್ಟು ಮೆಲ್ಲುಕೆ ಮಾತಾಡ್ತಾಳೆ? ಮನೇಲಿ ಗಂಡ ಮಲಗವ್ನಾ?”

ಅವಳನ್ನು ಆಫ್ ಮಾಡಿದೆವು. ಮಿಷನ್ನಿನ ಸದ್ದಿನಲ್ಲಿ ಹೇಗೂ ಕೇಳುತ್ತಿರಲಿಲ್ಲ. ಪಾಠ ಕೆಲಸದೊಳಗೇ ನಡೆಯಿತು. ಡಬ್ಬ ಎತ್ತುವ ಮುಂಚೆ ಒಮ್ಮೆ ಉಸಿರೆಳೆದುಕೊಳ್ಳುವುದು, ಸುರಿಯುತ್ತಾ ಮೆಲ್ಲಗೆ ಬಿಡುವುದು. ಬಿಸಿ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡುವಾಗ ಬೇರೆ ಯೋಚನೆ ಮಾಡದೆ ಹಿಟ್ಟನ್ನೇ ನೋಡುವುದು. ಇದನ್ನು ಹುಟ್ಟಿದಾಗಿನಿಂದ ಮಾಡ್ತಿವ್ನಿ ಎಂದು ಗೊಣಗಿದರು, ಆದರೆ ಮಾಡಿದರು. ಕೆಲವು ದಿನಗಳಾದ ಮೇಲೆ ಒಂದು ವಿಷಯ ತಾವೇ ಕಂಡುಕೊಂಡು ನನ್ನನ್ನು ಕೂಗಿದರು. ಬೈಯುವಾಗ ಅವರು ಉಸಿರೇ ಎಳೆದುಕೊಳ್ಳುತ್ತಿರಲಿಲ್ಲವಂತೆ. ಮನೆತನದಿಂದ ಹಿಡಿದು ಮುಚ್ಚಳದವರೆಗೆ ಎಲ್ಲ ಒಂದೇ ದಮ್ಮಿನಲ್ಲಿ. ಈಗ ನಡುವೆ ಉಸಿರು ನೆನಪಾಗಿ ನಿಲ್ಲಿಸುತ್ತಾರೆ. ಅಷ್ಟರಲ್ಲಿ ಬೈಗುಳ ಆರಿಹೋಗಿರುತ್ತದೆ.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ಎರಡನೇ ಪಾಠಕ್ಕೆ ಕೈ ಹಾಕಿದೆ. ದಿನವೂ ಸಂಜೆ ಮೂರು ವಿಷಯಕ್ಕೆ ಕೃತಜ್ಞತೆ ಹೇಳಬೇಕು ಎಂದೆ. ಅವರು ಮಿಷನ್ನಿನ ಬೆಲ್ಟನ್ನೇ ನೋಡುತ್ತಾ ಬೆರಳು ಮಡಿಸಿ ಎಣಿಸಿದರು.

“ಇವತ್ತು ಕರೆಂಟು ಹೋಗ್ಲಿಲ್ಲ. ಬೆಲ್ಟು ಕಿತ್ಕಳ್ಲಿಲ್ಲ. ಬೆಳಿಗ್ಗೆ ಎದ್ದೇಟ್ಗೆ ನಿನ್ ಮುಖ ನೋಡ್ಲಿಲ್ಲ.”

ಮನುಷ್ಯರಿಗೂ ಹೇಳಬೇಕಮ್ಮ ಎಂದು ನಾನು ಒತ್ತಾಯಿಸಿದೆ. ಮಾರನೇ ದಿನ ದೊಡ್ಡೇರಿಯಿಂದ ರಾಗಿ ತಂದಿದ್ದ ಹೆಂಗಸೊಬ್ಬರ ಕೈ ಹಿಡಿದು, “ಇಷ್ಟು ವರ್ಸ ನನ್ ಮಿಲ್ಲಿಗೇ ಬಂದ್ಯಲ್ಲವ್ವ, ನಿನ್ ಉಪಕಾರ ಮರೆಯಲ್ಲ ಬುಡು” ಎಂದರು. ಆಕೆಯ ಮುಖ ಬಿಳಿಚಿಕೊಂಡಿತು. ನಮ್ಮ ಕಡೆ ಗುರುತಿನವರಿಗೆ ಯಾರೂ ಹಾಗೆಲ್ಲ ಹೇಳುವುದಿಲ್ಲ. ಹೇಳಿದರೆ ಒಂದೋ ಪಂಚಾಯಿತಿ ಚುನಾವಣೆಗೆ ನಿಂತಿರಬೇಕು, ಇಲ್ಲ ಹೊರಡುವ ಕಾಲ ಬಂದಿರಬೇಕು. ರಾಮಾಂಜಿನಮ್ಮ ಚುನಾವಣೆಗೆ ನಿಲ್ಲುವವರಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ವಾರದೊಳಗೆ ಜನ ಡಬ್ಬದ ಜೊತೆ ಬಾಳೆಹಣ್ಣನ್ನೂ ತರತೊಡಗಿದರು. ಒಬ್ಬರು ಎಳನೀರು ತಂದರು. ಹಳೆಯ ಜಗಳವಿದ್ದ ಪಕ್ಕದ ಮನೆಯವರು ಬಂದು ಏನಿದ್ದರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದು ಕಣ್ಣೊರೆಸಿಕೊಂಡರು. ಇವರು ಹುಷಾರಾಗಿದ್ದೇನೆ ಎಂದಷ್ಟೂ ಜನ, ಪಾಪ, ಎಷ್ಟು ಧೈರ್ಯ ಎಂದರು. ಕೊನೆಗೆ ಪಾವಗಡದಿಂದ ತಂಗಿ ಜಗದಾಂಬ ಬಸ್ಸಿಳಿದವರೇ ಬೀದಿಯ ತುದಿಯಿಂದಲೇ ಅಳುತ್ತಾ ಬಂದರು.

“ಅಕ್ಕಾ, ನೀಕೇಮೈಂದೇ, ಏನಾಯ್ತೇ ನಿಂಗೆ? ನಂಗೊಂದು ಮಾತು ಹೇಳ್ದೇ ಹೋಗ್ಬುಡ್ತಿದ್ಯಲ್ಲೇ.”

“ಹೋಗಿಲ್ಲ ಕಣೇ. ಗೋಧಿ ಬೀಸ್ತಾ ಇವ್ನಿ,” ಎಂದರು ಅಕ್ಕ. ಆಮೇಲೆ ನನ್ನ ಕಡೆ ನೋಡಿದ ನೋಟದಲ್ಲಿ ಕೃತಜ್ಞತೆಯ ಲವಲೇಶವೂ ಇರಲಿಲ್ಲ.

ಸುದ್ದಿ ಶಿರಾಕ್ಕೂ ಮುಟ್ಟಿತು. ಇನ್ನೇನು ಊದಿಸಿ ನೋಡುವುದು, ಊರೇ ಹೇಳುತ್ತಿದೆಯಲ್ಲ ಎಂದು ತಿಪ್ಪೇಶ್ ಮಿಷನ್ನಿಗೆ ಗಿರಾಕಿಯನ್ನೇ ಹುಡುಕಿಬಿಟ್ಟ. ನನ್ನ ಎರಡನೇ ಪಾಠ ಅವರ ಗಿರಣಿಯನ್ನೇ ನುಂಗುವುದರಲ್ಲಿತ್ತು. ಆದರೆ ಮಾತು ಮಾತೇ, ಊದಿದ ಮೇಲೇ ತೀರ್ಮಾನ ಎಂದು ರಾಮಾಂಜಿನಮ್ಮ ಪಟ್ಟು ಹಿಡಿದರು. ಆ ದಿನ ನಾನೂ ರಜೆ ಹಾಕಿ ಜೊತೆಗೆ ಹೋದೆ. ಕೊಳವೆ ಬಾಯಿಗಿಟ್ಟುಕೊಂಡು, ಮೆಲ್ಲಗೆ ಎಳೆದುಕೊಂಡು, ಒಂದು ಕ್ಷಣ ನಿಂತು, ಇಡೀ ಸಾಲಿನವರನ್ನು ಬೈಯುವಷ್ಟು ಗಾಳಿಯನ್ನು ಒಮ್ಮೆಗೇ ಬಿಟ್ಟರು.

ಡಾಕ್ಟರು ಪರದೆ ನೋಡಿ, ಹೋದ ಸಲಕ್ಕಿಂತ ವಾಸಿ, ಔಷಧಿ ಹಿಡಿದಿದೆ ಎಂದರು. ನಾನು ಗಂಟಲು ಸರಿಮಾಡಿಕೊಂಡು ಉಸಿರಾಟದ ಅಭ್ಯಾಸವೂ ಇತ್ತು ಸರ್ ಎಂದೆ. ಒಳ್ಳೆಯದು, ಆದರೆ ಔಷಧಿ ಬಿಡಬೇಡಿ ಎಂದರು. ಮಾಸ್ಕ್ ಇಲ್ಲದೆ ಮಿಷನ್ ಹತ್ತಿರ ಹೋಗಕೂಡದು, ಮೆಣಸಿನಕಾಯಿ ಪೂರ್ತಿ ನಿಲ್ಲಿಸಬೇಕು, ರಾಗಿ ಗೋಧಿ ಬೀಸಬಹುದು.

ಹೊರಗೆ ಬಂದು ಆಟೋ ಹತ್ತಿರ ನಿಂತಾಗ ತಿಪ್ಪೇಶ್ ಕೀಲಿಯನ್ನು ಕೈಯಲ್ಲೇ ಹಿಡಿದುಕೊಂಡ. ಒಳ್ಳೆಯವನು, ತಾಯಿಗೆ ಒಂದು ಗಟ್ಟಿ ಮಾತಾಡಿದವನಲ್ಲ. ನಾನಿರುವುದನ್ನೂ ಲೆಕ್ಕಿಸದೆ ಕೇಳಿದ.

“ಅವ್ವಾ, ನಾನು ಅನ್ನ ಹಾಕಲ್ಲ ಅಂದ್ನಾ? ಆ ಧೂಳು ಕುಡ್ಕೊಂಡು ಬದುಕೋಕಿಂತ ನನ್ ಮನೆ ಕಡೆಯಾಯ್ತಾ?”

ನಾನು ಬೆಟ್ಟದ ಕಡೆ ಮುಖ ತಿರುಗಿಸಿದೆ. ರಾಮಾಂಜಿನಮ್ಮ ಉಸಿರೆಳೆದುಕೊಂಡು, ಪೂರ್ತಿ ಬಿಟ್ಟ ಮೇಲೆ ಹೇಳಿದರು.

“ಹಾಕ್ತೀಯ ಕಣ್ಲಾ, ಗೊತ್ತು. ನಿಮ್ಮಪ್ಪನೂ ಹಾಕ್ದ. ಹಾಕಿದ್ದನ್ನ ದಿನಾ ಹೇಳ್ದ. ಆ ಮಿಷನ್ನು ಅಷ್ಟು ಸದ್ದು ಮಾಡ್ತದೆ, ಒಂದಿನಾನೂ ಆ ಮಾತಾಡಿಲ್ಲ.”