ಜೂನ್ ತಿಂಗಳ ಅಳತೆ

ಕೊಟ್ಟೂರಿನಲ್ಲಿ ಸೈಬರ್ ಸೆಂಟರ್ ಶುರುವಾದ ಮೇಲೆ ಟೈಲರ್ ಪಂಚಾಕ್ಷರಪ್ಪನವರನ್ನು ಅವರ ಅಂಗಡಿಯಲ್ಲಿ ಕಂಡವರು ಕಡಿಮೆ. ಕೊರಳಲ್ಲಿ ಟೇಪು ಹಾಕಿಕೊಂಡೇ ಕಂಪ್ಯೂಟರ್ ಮುಂದೆ ಕೂತು, ಮುಖ ಕಾಣದ ಗೆಳೆಯರ ಜೊತೆ ಒಂದೇ ಬೆರಳಿನಲ್ಲಿ ಚಾಟ್ ಮಾಡುತ್ತಿದ್ದರು. "ಮದುವಿಗಂತ ಕೊಟ್ಟ ಜಂಪರ ಎಲ್ಲೈತ್ರಿ? ಈಗ ಕೂಸೂ ಹುಟ್ಟೈತಿ!" ಎಂದು ಹೆಂಗಸರು ಬಾಗಿಲಲ್ಲಿ ನಿಂತು ರೇಗಿಸಿದರೆ, ತಿರುಗಿ ನೋಡದೆಯೇ "ಐದ ನಿಮಿಷ ತಡೀರವ್ವ" ಎನ್ನುತ್ತಿದ್ದರು. ಮಗಳು ವಿಶಾಲಾ ಹರಿದ ಯೂನಿಫಾರ್ಮಿಗೆ ಪಿನ್ನು ಚುಚ್ಚಿಕೊಂಡು ಶಾಲೆಗೆ ಹೋಗುತ್ತಿದ್ದಳು. ಜೂನ್‌ನಲ್ಲಿ ಅಳತೆ ತೆಗೆದಿದ್ದ ಅವಳ ಹೊಸ ಯೂನಿಫಾರ್ಮನ್ನು ಅವರು ಹೊಲಿದು ಕೊಟ್ಟದ್ದು ಜನವರಿಯಲ್ಲಿ. ತೊಟ್ಟು ನೋಡಿದರೆ ತೋಳು ಬಿಗಿ, ಲಂಗ ಮೊಣಕಾಲಿನಿಂದ ಮೇಲಕ್ಕೆ. ಊರವರ ಅಳತೆಯನ್ನು ಕಣ್ಣಲ್ಲೇ ಹೇಳುತ್ತಿದ್ದ ಪಂಚಾಕ್ಷರಪ್ಪನವರು ಮಗಳನ್ನು ಬಹಳ ಹೊತ್ತು ನೋಡಿ, "ಯಾವಾಗ ಇಷ್ಟು ಬೆಳದಿಯವ್ವ?" ಎಂದರು. "ನೀ ಕಂಪ್ಯೂಟರ್ ಮುಂದ ಕುಂತಿದ್ದಿಯಲ್ಲಪ್ಪ, ಆವಾಗ" ಎಂದಳು.