ಯಾವ ಊರಿನ ಆರು?

ಮೊನ್ನೆ ಭಾನುವಾರ ಕಪಾಟಿನ ಮೇಲಿನ ಅರೆಯಿಂದ ಹಳೆಯ ಟೆನಿಸ್ ಚೀಲವೊಂದನ್ನು ಇಳಿಸಿದೆ. ಇಳಿಸಿದೆ ಅನ್ನುವುದು ಮರ್ಯಾದೆಯ ಮಾತು. ನಿಜ ಹೇಳಬೇಕೆಂದರೆ ಅದೇ ನನ್ನ ತಲೆಯ ಮೇಲೆ ಇಳಿಯಿತು. ಹಿಂದಿನ ದಿನ ಮಗಳು ಚಾರು ಫೋನು ಮಾಡಿ, "ಅಪ್ಪ, ಮೈ ಓಲ್ಡ್ ಟೆನಿಸ್ ಬ್ಯಾಗ್, ಪ್ಲೀಸ್. ನಾಳೆ ಬರ್ತೀನಿ" ಅಂದಿದ್ದಳು. ನಮ್ಮನೆಯ ಕನ್ನಡ ಅವಳ ಬಾಯಲ್ಲಿ ಹೀಗೇ, ವಾಕ್ಯದ ಬಾಲದಲ್ಲಿ ಒಂದಿಷ್ಟು ಅಂಟಿಕೊಂಡು ಬರುತ್ತದೆ.

ಜಿಪ್ ಎಳೆದೆ. ರಬ್ಬರು, ಗೋಂದು, ಒಣಗಿದ ಬೆವರು, ಟೆನಿಸ್ ಅಂಗಳದ ಕೆಂಪು ಮಣ್ಣು ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ಒಳ್ಳೆಯ ವಾಸನೆ ಅಂತ ಹೇಳಲಾರೆ, ಆದರೆ ಮುಖ ತಿರುಗಿಸುವುದಕ್ಕೂ ಮನಸ್ಸಾಗಲಿಲ್ಲ. ಪಕ್ಕದ ಜೇಬಿನಿಂದ ನಾಲ್ಕಾಗಿ ಮಡಿಸಿದ ಹಳೆಯ ಪೇಪರಿನ ಹಾಳೆಯೊಂದು ಜಾರಿತು. ಬಿಡಿಸಿದರೆ, ಯಾವುದೋ ಸೋಫಾ ಜಾಹೀರಾತಿನ ಮೇಲೆ ಪೆನ್ಸಿಲಿನಲ್ಲಿ ಎಳೆದ ಕಾಲಿನ ಗೆರೆ. ಎಡಗಾಲು. ಹಿಮ್ಮಡಿಯ ಹತ್ತಿರ ಎಣ್ಣೆಯ ಕಲೆ. ಅಲ್ಲೇ ಮಂಚದ ಮೇಲೆ ಕೂತುಬಿಟ್ಟೆ. ನೀವೂ ಕೂತುಕೊಳ್ಳಿ, ಹೇಳುತ್ತೇನೆ.

ಕಾಲಿನ ಗೆರೆ ಅಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ. ನಮ್ಮ ಅಮ್ಮನ ಕಾಲದಲ್ಲಿ ಚಪ್ಪಲಿ ತರಲು ಮನೆಯವರೆಲ್ಲ ಅಂಗಡಿಗೆ ಹೋಗುತ್ತಿರಲಿಲ್ಲ. ಪೇಟೆಗೆ ಹೊರಟವರ ಕೈಯಲ್ಲಿ ಎಲ್ಲರ ಕಾಲನ್ನೂ ಕಾಗದದ ಮೇಲೆ ಬರೆದು ಕೊಡುತ್ತಿದ್ದರು. ಸೋದರಮಾವನ ಜೇಬಿನಲ್ಲಿ ಆರೇಳು ಜನರ ಕಾಲು ಮಡಿಸಿಕೊಂಡು ಕೂತಿರುತ್ತಿದ್ದವು. ನನ್ನ ಗೆರೆಯನ್ನು ಮಾತ್ರ ಅಮ್ಮ ನಿಜವಾದ ಕಾಲಿಗಿಂತ ಒಂದು ಬೆರಳು ಆಚೆಗೇ ಎಳೆಯುತ್ತಿದ್ದಳು. "ಬೆಳೆಯೋ ಕಾಲು" ಅನ್ನುವುದು ಅವಳ ವಾದ. ಹಾಗಾಗಿ ನನ್ನ ಬಾಲ್ಯವೆಲ್ಲ ಒಂದು ಅಳತೆ ದೊಡ್ಡ ಶೂಗಳಲ್ಲಿ, ಮುಂದುಗಡೆ ಹತ್ತಿ ತುರುಕಿಕೊಂಡು, ಟಪ್ ಟಪ್ ಎಂದು ಕಳೆಯಿತು. ಒಂದು ಶೂ ಸರಿಯಾಗಿ ಹಿಡಿಯುವಷ್ಟು ನಾನು ಬೆಳೆಯುವ ಹೊತ್ತಿಗೆ ಅದರ ಅಟ್ಟೆ ಹರಿದಿರುತ್ತಿತ್ತು. ನನ್ನ ಮಗುವಿಗೆ ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಶೂ ಕೊಡಿಸುತ್ತೇನೆ ಅಂತ ಆಗಲೇ ಪಣ ತೊಟ್ಟಿದ್ದೆ. ಆ ಪಣವೇ ಮುಂದೆ ನನ್ನ ಮಾನ ಕಳೆಯಿತು.

ಚಾರುಗೆ ಆಗ ಹದಿನಾಲ್ಕು. ನಾವು ಆಗಲೂ ನೈರೋಬಿಯ ಇದೇ ಕಿಲಿಮಾನಿ ಬಡಾವಣೆಯ ಮೂರನೇ ಮಹಡಿಯಲ್ಲಿದ್ದೆವು. ನಾನು ಔಷಧಿ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥ. ಒಂದು ಮಾತ್ರೆ ಎಳ್ಳಷ್ಟು ತೂಕ ಕಡಿಮೆಯಿದ್ದರೆ ಇಡೀ ಬ್ಯಾಚನ್ನೇ ವಾಪಸು ಕಳಿಸುವ ಮನುಷ್ಯ. ಈ ಮಾತು ನೆನಪಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿನಲ್ಲಿ ನನ್ನ ಮೇಲೆಯೇ ಪ್ರಯೋಗಿಸಲು ಬೇಕಾಗುತ್ತದೆ. ಅಮ್ಮ ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದಳು. ಚಾರು ಆಡುವ ಅಂಗಳದ ಪಕ್ಕದಲ್ಲಿ, ಜಕರಾಂಡಾ ಮರದ ಕೆಳಗೆ, ಫ್ಲಾಸ್ಕಿನ ಕಾಫಿಯೊಂದಿಗೆ ಕೂತು ಆಟ ನೋಡುವುದು ಅವಳ ದಿನಚರಿ. ಆಟದ ಲೆಕ್ಕ ಮಾತ್ರ ಅವಳಿಗೆ ಒಗ್ಗಲಿಲ್ಲ.

"ಹದಿನೈದು, ಮೂವತ್ತು, ಆಮೇಲೆ ನಲವತ್ತಾ? ನಲವತ್ತೈದಾಗಬೇಕಲ್ವೇನೋ? ಐದು ಎಲ್ಲಿ ಹೋಯ್ತು?"

"ಅದು ಹಾಗೇ ಅಮ್ಮ, ನಿಯಮ."

"ನಿಯಮ ಅಂದ್ರೆ ಐದು ನುಂಗಬಹುದಾ? ನಿಮ್ಮ ಕೋಚನ್ನ ಕೇಳು."

ಕೋಚ್ ಒಟಿಯೆನೊ ಆರಡಿ ಎತ್ತರದ, ನಗುಮುಖದ ಮನುಷ್ಯ. ಅಮ್ಮನ ಪ್ರಶ್ನೆಯನ್ನು ನಾನು ಅನುವಾದಿಸಿದಾಗ ಗಂಭೀರವಾಗಿ ಯೋಚಿಸಿ, "ಮಾಮಾ ಕೇಳಿದ್ದು ಸರಿ. ಹುಡುಕಿಸುತ್ತೇನೆ" ಅಂದ. ಮಾಮಾ ಅಂದರೆ ಇಲ್ಲಿನವರ ಬಾಯಲ್ಲಿ ಅಮ್ಮ. ಅಂದಿನಿಂದ ಅಮ್ಮನ ಕಾಫಿಯಲ್ಲಿ ಅವನಿಗೂ ಒಂದು ಲೋಟ.

ಅದೇ ಒಟಿಯೆನೊ ಒಂದು ದಿನ ಸುದ್ದಿ ತಂದ. ಆಟದ ಬಟ್ಟೆ, ಶೂ ಮಾಡುವ ದೊಡ್ಡ ಕಂಪನಿಯೊಂದು ಊರಿನ ನಾಲ್ಕು ಎಳೆಯ ಆಟಗಾರರಿಗೆ ಒಂದು ವರ್ಷ ಪ್ರಾಯೋಜಕತ್ವ ಕೊಡುತ್ತದಂತೆ. ನಾಲ್ವರಲ್ಲಿ ಚಾರೂ ಒಬ್ಬಳು. ತಲೆಯ ಪಟ್ಟಿಯಿಂದ ಕಾಲಿನ ಶೂವರೆಗೆ ಎಲ್ಲ ಅವರದೇ. ಷರತ್ತು ಒಂದೇ: ಪಂದ್ಯದ ದಿನ ಮೈಮೇಲೆ ಬೇರೆ ಯಾವ ಕಂಪನಿಯ ಗುರುತೂ ಕಾಣಿಸಬಾರದು. ವರ್ಷದ ಕೊನೆಗೆ ಆಟ ನೋಡಿ, ಇಬ್ಬರನ್ನು ಮಾತ್ರ ಮುಂದುವರಿಸುತ್ತಾರೆ. ಅಳತೆಯ ಫಾರಮ್ಮನ್ನು ನಾನೇ ತುಂಬಿದೆ. ಮೈಸೂರಿನಲ್ಲಿ ಕೊಂಡ ಅವಳ ಚಪ್ಪಲಿಯ ತಳ ತಿರುಗಿಸಿ ನೋಡಿದೆ, ಆರು ಅಂತಿತ್ತು. ದುಂಡಗೆ ಆರು ಅಂತ ಬರೆದೆ.

ಡಬ್ಬಿ ಬಂದ ದಿನ ಮನೆಯಲ್ಲಿ ಹಬ್ಬ. ಬಿಳಿ ಶೂ, ಪಕ್ಕದಲ್ಲಿ ಕಂಪನಿಯ ನೀಲಿ ಗುರುತು. ಅಮ್ಮ ಕನ್ನಡಕ ಏರಿಸಿ ನೋಡಿ, "ಬಾತುಕೋಳಿ ತುಳಿದ ಹಾಗಿದೆ" ಅಂದಳು. ಚಾರು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು, "ಇಟ್ಸ್ ಅ ಬಿಟ್ ಟೈಟ್, ಅಪ್ಪ" ಅಂದಳು.

"ಹೊಸ ಶೂ ಹಾಗೇ ಪುಟ್ಟಿ. ಹಾಕ್ತಾ ಹಾಕ್ತಾ ಬಿಟ್ಕೊಳ್ಳುತ್ತೆ" ಅಂದೆ. ಅಷ್ಟೇ ಅಲ್ಲ, ಆ ಶೂಗಳ ಫೋಟೋ ತೆಗೆದು ಕಾರ್ಖಾನೆಯವರಿಗೆ, ಕನ್ನಡ ಬಳಗದವರಿಗೆ, ಮೈಸೂರಿನ ಷಡ್ಡಕನಿಗೆ ಎಲ್ಲರಿಗೂ ಕಳಿಸಿದೆ. ಹರ್ಲಿಂಗ್‌ಹ್ಯಾಮಿನ ನಮ್ಮ ಹಲ್ಲಿನ ಡಾಕ್ಟರಿಗೂ, ಬಾಯಿ ತೆರೆದುಕೊಂಡೇ, ಕೈಸನ್ನೆಯಲ್ಲಿ ತಿಳಿಸಿದೆ. ಹೆಣ್ಣು ನೋಡಲು ಬಂದವರ ಮುಂದೆ ಕೂಡ ಯಾರೂ ಮಗಳನ್ನು ಅಷ್ಟು ಹೊಗಳಿರಲಾರರು.

ಆಮೇಲೆ ಚಾರು ಸೋಲತೊಡಗಿದಳು. ಒಂದು ಪಂದ್ಯ, ಮತ್ತೊಂದು. ಬಲೆಯ ಹತ್ತಿರ ಬೀಳುವ ಚೆಂಡಿಗೆ ಓಡುವುದನ್ನೇ ಬಿಟ್ಟಳು. ಒಟಿಯೆನೊ ತಲೆ ಕೆರೆದುಕೊಂಡ. ನಾನು ಕಾರಿನಲ್ಲಿ ಮನೆಯವರೆಗೂ ಉಪದೇಶ ಮಾಡಿದೆ: ಇಷ್ಟು ದೊಡ್ಡ ಕಂಪನಿ ನಿನ್ನನ್ನು ನಂಬಿದೆ, ನಿನಗೇ ಆಸಕ್ತಿ ಇಲ್ಲದಿದ್ದರೆ ಹೇಗೆ, ಮುಂದಿನ ಶನಿವಾರ ಅವರೇ ನೋಡಲು ಬರುತ್ತಾರೆ, ನೆನಪಿರಲಿ. ಚಾರು ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ಮುಂದೆ ಹೋಗುತ್ತಿದ್ದ ಮಟಾಟು ವ್ಯಾನಿನ ಅಬ್ಬರದ ಹಾಡು ನನ್ನ ಉಪದೇಶಕ್ಕಿಂತ ಎಷ್ಟೋ ವಾಸಿ ಅನ್ನಿಸಿರಬೇಕು ಅವಳಿಗೆ.

ಆ ಶನಿವಾರದ ಹಿಂದಿನ ದಿನ ಶಾಲೆಗೆ ರಜೆ. ಶುಕ್ರವಾರ ಬೇರೆ. ಅಮ್ಮ ಮೊಮ್ಮಗಳಿಗೆ ಎಣ್ಣೆ ಒತ್ತಲು ಕೂರಿಸಿದಳು. ತಲೆಗೆ ಆಯಿತು, ಕೈಗೆ ಆಯಿತು, ಕಾಲಿಗೆ ಬಂದಾಗ ಚಾರು ಕಾಲು ಹಿಂದಕ್ಕೆಳೆದುಕೊಂಡಳು.

"ಏನೇ ಅದು? ತೋರ್ಸು."

"ನಥಿಂಗ್, ಅಜ್ಜಿ."

"ನಿನ್ನ ನಥಿಂಗ್ ಮನೆ ಹಾಳಾಗ. ತೋರ್ಸೇ."

ಆಮೇಲೆ ಅಮ್ಮ ನನ್ನನ್ನು ಕೂಗಿದ ದನಿ ನೆಲಮಹಡಿಯ ಕಾವಲುಗಾರನಿಗೂ ಕೇಳಿಸಿರಬೇಕು. ಹೋಗಿ ನೋಡಿದರೆ, ಮಗುವಿನ ಎರಡೂ ಹೆಬ್ಬೆರಳಿನ ಉಗುರು ನೇರಳೆ ಹಣ್ಣಿನ ಹಾಗೆ ಕಪ್ಪಾಗಿತ್ತು. ಕಿರುಬೆರಳಿನ ಮೇಲೆ ಬೊಬ್ಬೆಯೊಡೆದು ಕೆಂಪಾಗಿತ್ತು.

ಅಮ್ಮ ಎದ್ದು ಆ ದಿನದ ಪೇಪರು ತಂದು ನೆಲಕ್ಕೆ ಹಾಸಿ, ನನ್ನ ಜೇಬಿನಿಂದಲೇ ಪೆನ್ಸಿಲ್ ಕಿತ್ತುಕೊಂಡು, "ನಿಂತ್ಕೋ ಪುಟ್ಟಿ. ಅಲ್ಲಾಡ್ಬೇಡ, ಗೆರೆ ಸೊಟ್ಟ ಆಗುತ್ತೆ" ಅಂದಳು. ಒಂದು ಹಾಳೆಯ ಮೇಲೆ ಬಲಗಾಲು, ಇನ್ನೊಂದರ ಮೇಲೆ ಎಡಗಾಲು. ಈ ಸಲ ಬೆರಳಿನಷ್ಟು ಆಚೆಗಲ್ಲ, ಕಾಲಿಗೆ ಒತ್ತಿಕೊಂಡೇ ಎಳೆದಳು. ಆಮೇಲೆ ಆ ಬಿಳಿಯ ಶೂ ತಂದು ಗೆರೆಯ ಮೇಲಿಟ್ಟಳು. ಶೂವಿನ ತುದಿಯ ಆಚೆ ಬೆರಳುಗಳ ಗೆರೆ ಬಗ್ಗಿ ನೋಡುತ್ತಿತ್ತು.

"ಮಾತ್ರೆ ತೂಕ ಮಾಡೋನೇ, ನೋಡಪ್ಪಾ ನೋಡು" ಅಂದಳು ಅಮ್ಮ.

ಕಂಪನಿಯ ಕಡೆಯಿಂದ ನಮ್ಮನ್ನು ನೋಡಿಕೊಳ್ಳುತ್ತಿದ್ದವಳು ವಂಜಿಕು ಎಂಬ ತರುಣಿ. ಆಗಲೇ ಫೋನು ಮಾಡಿದೆ. ಚಿಕ್ಕ ಶೂ ಕಳಿಸಿದ್ದೀರಿ ಅಂತ ಸ್ವಲ್ಪ ಜೋರಾಗಿಯೇ ಹೇಳಿದೆ.

"ಫಾರಮ್ಮಿನಲ್ಲಿ ಆರು ಅಂತ ನೀವೇ ಬರೆದಿದ್ದೀರಲ್ಲ?"

"ಹೌದು. ಅವಳ ಕಾಲು ಆರೇ."

ಅವಳು ಕೇಳಿದಳು: "ಯಾವ ಊರಿನ ಆರು?"

ನನ್ನ ಜೀವಮಾನದಲ್ಲಿ ಅಷ್ಟು ಸರಿಯಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಫಾರಮ್ಮಿನ ಅಳತೆ ಅಮೆರಿಕದ್ದು. ನಾನು ಬರೆದದ್ದು ಮೈಸೂರಿನ ಆರು. ಅವರ ಆರು ನಮ್ಮ ಐದಂತೆ. ಅಮ್ಮನಿಗೆ ವಿವರಿಸಿದೆ. ಅಷ್ಟು ಕೋಪದಲ್ಲೂ ಅವಳ ಮುಖ ಅರಳಿತು: "ನಲವತ್ತೈದ್ರಲ್ಲಿ ಕಳೆದುಹೋಗಿದ್ದ ಐದು ಇಲ್ಲಿ ಬಂದು ಕೂತಿತ್ತಲ್ಲೋ!"

ಬೇರೆ ಜೋಡಿ ಹೊರದೇಶದಿಂದ ಬರಲು ಮೂರು ವಾರ. ಪಂದ್ಯ ನಾಳೆ. ಚಾರುವಿನ ಹಳೆಯ ಶೂ ಇತ್ತು, ಇಲ್ಲಿ ಫುಂಡಿ ಅನ್ನುವ ರಿಪೇರಿಯವನು ಎರಡು ಸಲ ಅಟ್ಟೆ ಅಂಟಿಸಿದ್ದು. ಆದರೆ ಅದರ ಮೇಲೆ ಇನ್ನೊಂದು ಕಂಪನಿಯ ದೊಡ್ಡ ಗುರುತು. ನನ್ನ ಬಾಯಿಂದ ಏನು ಬಂತು ಅಂತ ಬರೆಯಲು ಇವತ್ತಿಗೂ ನಾಚಿಕೆ. "ನಾಳೆ ಒಂದೇ ದಿನ ಅಲ್ವಾ? ಹೇಗಾದ್ರೂ ಹೊಸದನ್ನೇ..."

"ನೀನೇ ಹಾಕ್ಕೊಂಡು ಆಡು" ಅಂದಳು ಅಮ್ಮ.

ನಾನು ಚಾರುವಿನ ಕಡೆ ತಿರುಗಿದೆ. "ಇಷ್ಟು ನೋವಿದ್ರೂ ಯಾಕೆ ಹೇಳಲಿಲ್ಲ ಪುಟ್ಟಿ?"

ಅವಳು ತನ್ನ ಎಣ್ಣೆಯ ಪಾದಗಳನ್ನೇ ನೋಡುತ್ತ ಅಂದಳು: "ಯೂ ವರ್ ಸೋ ಹ್ಯಾಪಿ, ಅಪ್ಪ."

ಒಂದು ಸಲ ಅವಳು ಹೇಳಿದ್ದಳು, ಟೈಟ್ ಅಂತ. ನಾನು ಬಿಟ್ಕೊಳ್ಳುತ್ತೆ ಅಂದಿದ್ದೆ. ಆ ಶೂ ಬಿಟ್ಟುಕೊಡಲಿಲ್ಲ, ಅದರ ಬದಲು ಅವಳೇ ಬಿಟ್ಟುಕೊಟ್ಟಿದ್ದಳು. ಇಡೀ ಬ್ಯಾಚು ವಾಪಸು ಕಳಿಸುವ ಮನುಷ್ಯನನ್ನು ಅಂದು ವಾಪಸು ಕಳಿಸಲು ಯಾರೂ ಇರಲಿಲ್ಲ.

ಮರುದಿನ ಅವಳು ಹಳೆಯ ಶೂವನ್ನೇ ಹಾಕಿಕೊಂಡಳು. ಬೆಳಗ್ಗೆಯೇ ಅಮ್ಮ ನನ್ನ ಕಾರ್ಖಾನೆಯ ಗಾಯದ ಪ್ಲಾಸ್ಟರುಗಳನ್ನು ಆ ಗುರುತಿನ ಮೇಲೆ ಅಡ್ಡಡ್ಡ ಉದ್ದುದ್ದ ಅಂಟಿಸಿದ್ದಳು. ಕಾಲಿಗಲ್ಲ, ಶೂವಿಗೇ ಏಟಾದ ಹಾಗೆ ಕಾಣುತ್ತಿತ್ತು. ಅಂಗಳದ ಬಳಿ ವಂಜಿಕು ಅದನ್ನು ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಹೋಗಿ, ತಪ್ಪು ನನ್ನದು, ಮಗು ನೋವು ತಿಂದದ್ದು ನನ್ನ ಜಂಬಕ್ಕೆ, ನಿಮ್ಮ ಕರಾರು ಮುರಿದದ್ದು ನಾನು, ಅವಳಲ್ಲ, ಅಂತೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಪುರಾವೆಗೆಂದು ಜೇಬಿನಿಂದ ಎರಡು ಹಾಳೆಗಳನ್ನೂ ತೆಗೆದೆ. ಆಕೆ ಎಣ್ಣೆಯ ಕಲೆಯಿದ್ದ ಆ ಪಾದವನ್ನು ಬಿಸಿಲಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಆಮೇಲೆ ಅಮ್ಮನ ಕಡೆ ನೋಡಿ, "ನಮ್ಮ ಶೋಶೋನೂ ಹೀಗೇ ಬರೆಯುತ್ತಿದ್ದರು, ಇದ್ದಿಲಿನಲ್ಲಿ" ಅಂದಳು. ಶೋಶೋ ಅಂದರೆ ಅವರ ಅಜ್ಜಿ. "ಒಂದನ್ನು ನನಗೆ ಕೊಡಿ. ಇನ್ನು ಮೇಲೆ ನಂಬರು ಬೇಡ, ಇದನ್ನೇ ಕಳಿಸುತ್ತೇನೆ."

ಬಲಗಾಲು ಕಂಪನಿಗೆ ಹೋಯಿತು. ಎಡಗಾಲು ಚೀಲದಲ್ಲಿ ಉಳಿಯಿತು.

ಚಾರು ಆ ದಿನ ಗೆದ್ದಳು ಅಂತ ಬರೆದರೆ ನಿಮಗೂ ಖುಷಿ, ನನಗೂ ಖುಷಿ. ಆದರೆ ಸೋತಳು. ಮೂರನೇ ಸೆಟ್ಟಿನವರೆಗೆ ಎಳೆದಾಡಿ ಸೋತಳು. ಬಲೆಯ ಹತ್ತಿರ ಬಿದ್ದ ಒಂದೊಂದು ಚೆಂಡಿಗೂ ಓಡಿದಳು. ಕೊನೆಗೆ ಬಿಳಿಯ ಪ್ಲಾಸ್ಟರೆಲ್ಲ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಅಮ್ಮ ಎದ್ದು ನಿಂತು ಚಪ್ಪಾಳೆ ಹೊಡೆದಳು, ಒಟಿಯೆನೊ ಅವಳ ಫ್ಲಾಸ್ಕು ಹಿಡಿದುಕೊಂಡು ನಿಂತಿದ್ದ. ಕಂಪನಿ ಚಾರುವನ್ನು ಇನ್ನೊಂದು ವರ್ಷ ಮುಂದುವರಿಸಿತು. ಅದರ ಮರುವರ್ಷ ಆ ಯೋಜನೆಯನ್ನೇ ನಿಲ್ಲಿಸಿದರು. ಅದರಲ್ಲಿ ನಮ್ಮ ಕೈಯೂ ಇರಲಿಲ್ಲ, ಕಾಲೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಚಾರು ಬಂದಳು. ಈಗ ಮುಥೈಗಾದ ಕಡೆ ಮಕ್ಕಳಿಗೆ ಟೆನಿಸ್ ಕಲಿಸುತ್ತಾಳೆ, ಒಟಿಯೆನೊ ಹಾಕುತ್ತಿದ್ದಂಥದೇ ಟೋಪಿ ಹಾಕುತ್ತಾಳೆ. ಅವಳ ಹನ್ನೆರಡು ಮಕ್ಕಳಿಗೆ ಯಾವುದೋ ಕಂಪನಿ ಶೂ ಕೊಡುತ್ತದಂತೆ. ಅಳತೆಯ ಫಾರಂ ಬಂದಿದೆಯಂತೆ.

"ಫಾರಂ ತುಂಬಲ್ಲ. ಎಲ್ಲರ್ದೂ ಪೇಪರ್ ಮೇಲೆ ಬರೀತೀನಿ" ಅಂದಳು. "ದೇ ವೋಂಟ್ ಬಿಲೀವ್ ಮಿ. ಅದಕ್ಕೇ ಅಜ್ಜಿ ಬರೆದಿದ್ದನ್ನ ತೋರಿಸ್ಬೇಕು."

ಹಾಳೆಯನ್ನು ನೆಲಕ್ಕೆ ಹಾಸಿ ತನ್ನ ಎಡಗಾಲನ್ನು ಅದರ ಮೇಲಿಟ್ಟಳು. ಕಾಲು ಗೆರೆಯನ್ನು ದಾಟಿ ಎಷ್ಟೋ ಬೆಳೆದಿತ್ತು. ಇಬ್ಬರೂ ಅದನ್ನೇ ನೋಡಿದೆವು. ಅಮ್ಮ ಹೋಗಿ ನಾಲ್ಕು ವರ್ಷವಾಯಿತು.

ಚಾರು ಸಟ್ಟನೆ ನನ್ನ ಕಾಲಿನ ಕಡೆ ತಿರುಗಿದಳು. "ಅಪ್ಪ, ಗಿವ್ ಮಿ ಯುವರ್ಸ್. ಪ್ರಾಕ್ಟೀಸ್ ಮಾಡ್ಬೇಕು." ಬೇರೆ ಹಾಳೆ ಬಂತು, ಪೆನ್ಸಿಲ್ ಬಂತು. ಗೆರೆ ಎಳೆದು, ವಾಕಿಂಗಿನ ನನ್ನ ಶೂ ತಂದು ಅದರ ಮೇಲಿಟ್ಟು ಹುಬ್ಬೇರಿಸಿದಳು. ಶೂ ನನ್ನ ಕಾಲಿಗಿಂತ ಒಂದು ಬೆರಳು ದೊಡ್ಡದು! ನಲವತ್ತು ವರ್ಷದಿಂದ ಅಂಗಡಿಗೆ ಹೋದಾಗಲೆಲ್ಲ ಕೈ ತಾನಾಗಿ ಆ ನಂಬರಿಗೇ ಹೋಗುತ್ತಿದ್ದದ್ದು, ಎರಡು ಜೊತೆ ಕಾಲುಚೀಲ ಹಾಕುತ್ತಿದ್ದದ್ದು, ನೈರೋಬಿಯ ಚಳಿಗೆ ಅಂತ ನಾನೇ ನನಗೆ ಹೇಳಿಕೊಳ್ಳುತ್ತಿದ್ದದ್ದು ಎಲ್ಲ ಒಟ್ಟಿಗೆ ಹೊಳೆಯಿತು. ಅರವತ್ತೆರಡು ತುಂಬಿದ ಮೇಲೂ ನನ್ನದು ಬೆಳೆಯೋ ಕಾಲು.

"ದಿ ಅದರ್ ವನ್, ಅಪ್ಪ" ಅಂದಳು ಚಾರು. ಇಟ್ಟೆ. ಪೆನ್ಸಿಲ್ ಅಂಗಾಲಿನ ಒಳಬಾಗಿಗೆ ಬಂದಾಗ ಕಚಗುಳಿಯಾಯಿತು.

"ಅಲ್ಲಾಡ್ಬೇಡ ಅಪ್ಪ, ಗೆರೆ ಸೊಟ್ಟ ಆಗುತ್ತೆ."

ಇಂಗ್ಲಿಷಿನ ಒಂದು ಚೂರೂ ಇಲ್ಲದ ಆ ವಾಕ್ಯ ಅವಳ ಬಾಯಲ್ಲಿ ಇಷ್ಟು ವರ್ಷ ಎಲ್ಲಿತ್ತೋ. ನಾನು ಅಲ್ಲಾಡದೆ ನಿಂತಿರಲು ನಿಜವಾಗಿಯೂ ಪ್ರಯತ್ನಿಸಿದೆ. ಗೆರೆ ಸೊಟ್ಟಗೇ ಆಯಿತು.