ಮಡಿಕೆ ಬಿಚ್ಚಿದ ಪರದೆ

ನಮ್ಮ ಮನೆಯ ಪರದೆಗಳ ಕೆಳಗಂಚಿನಲ್ಲಿ ಒಂದು ಗೇಣು ಬಟ್ಟೆ ಒಳಕ್ಕೆ ಮಡಚಿ ಹೊಲಿದಿರುತ್ತದೆ. ಸರ್ಕಾರಿ ನೌಕರಿಯವರ ಮನೆಗಳಲ್ಲಿ ನೀವೂ ಇದನ್ನು ನೋಡಿರಬಹುದು: ಮುಂದಿನ ಊರಿನ ಕಿಟಕಿ ಎಷ್ಟು ಎತ್ತರವೋ ಯಾರಿಗೆ ಗೊತ್ತು, ಕತ್ತರಿಸಿದ ಬಟ್ಟೆ ಮತ್ತೆ ಬೆಳೆಯುತ್ತದೆಯೇ? ಹಾಗೆಂದು ಹೊಲಿಸಿದವನು ನಾನೇ. ಆದರೆ ಜಯನಗರದ ಸರ್ಕಾರಿ ಕಾಲೇಜಿಗೆ ಪಾಠ ಹೇಳಲು ಬಂದವನು ಅಲ್ಲೇ ಬೇರುಬಿಟ್ಟೆ. ತೊಂಬತ್ತರ ದಶಕವಿಡೀ ಬಿಸಿಲಿಗೆ ಪರದೆಯ ನೀಲಿ ಮಾಸಿತೇ ಹೊರತು ಆ ಮಡಿಕೆ ಬಿಚ್ಚಲಿಲ್ಲ.

ನನ್ನ ಹೆಂಡತಿ ವಿಮಲಾ ನನ್ನಂತೆಯೇ ಉಪನ್ಯಾಸಕಿಯಾಗಿ ಶುರುಮಾಡಿದವಳು. ಆಮೇಲೆ ಆಡಳಿತ ಸೇವೆಯ ಪರೀಕ್ಷೆ ಪಾಸು ಮಾಡಿ, ಒಂದೊಂದೇ ಮೆಟ್ಟಿಲೇರಿ, ಉನ್ನತ ಶಿಕ್ಷಣದ ನೀತಿ ನಿಯಮ ಬರೆಯುವ ಕುರ್ಚಿಯಲ್ಲಿ ಹೋಗಿ ಕುಳಿತಳು. ಸಂಜೆಯ ಹುಳಿಗೆ ಯಾವ ತರಕಾರಿ ಎಂದು ತೀರ್ಮಾನಿಸಲಾಗದವಳು ರಾಜ್ಯದ ಕಾಲೇಜುಗಳ ಹಣೆಬರಹ ತೀರ್ಮಾನಿಸುತ್ತಾಳೆಂದು ನಾನು ಚೇಷ್ಟೆ ಮಾಡುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೊಂದು ಬೇಸಿಗೆಯಲ್ಲಿ ಆ ಚೇಷ್ಟೆ ನಿಂತಿತು. ಬೆಂಗಳೂರಿನಲ್ಲೇ ತಳವೂರಿದ ಉಪನ್ಯಾಸಕರು ಮೇಷ್ಟರಿಲ್ಲದ ದೂರದ ಕಾಲೇಜುಗಳಿಗೆ ಹೋಗಲೇಬೇಕೆಂಬ ನಿಯಮವನ್ನು ಅವಳು ಬರೆಯತೊಡಗಿದ್ದಳು. ತಳವೂರಿದವರಲ್ಲಿ ನಾನೂ ಒಬ್ಬ.

ಉಳಿಯಲು ಇದ್ದ ದಾರಿ ಒಂದೇ: ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರರಾದರೆ ಒಂದೇ ಊರಿನಲ್ಲಿರಬಹುದೆಂಬ ವಿನಾಯಿತಿ. ಅದನ್ನು ಮೇಡಂ ತಮ್ಮ ಗಂಡನಿಗಾಗಿಯೇ ಇಟ್ಟಿದ್ದಾರೆಂದು ಕಚೇರಿಯಲ್ಲಿ ಗುಸುಗುಸು ಎದ್ದು, ತೆಗೆದೇಬಿಡಿ ಎಂಬ ಒತ್ತಾಯವೂ ಬಂತು. ನನ್ನ ಸಹೋದ್ಯೋಗಿ ಬಸವರಾಜಪ್ಪ ಬನಶಂಕರಿಯಿಂದ ನಡೆದು ಬಂದು ನಮ್ಮ ಮನೆಯ ಗೇಟಿನ ಬಳಿ ನಿಂತೇ ಹೇಳಿದರು: "ಸಾರ್, ಮೇಡಂಗೆ ಒಂದ್ ಮಾತು ಹೇಳಿ. ಅದು ಹೋದ್ರೆ ನಾನೊಂದ್ ಕಡೆ, ನನ್ ಹೆಂಡ್ತಿ ಸ್ಕೂಲೊಂದ್ ಕಡೆ. ಅಮ್ಮ ಹಾಸಿಗೆ ಹಿಡಿದಿದಾರೆ, ಒಬ್ಳೇ ಹೆಂಗ್ ನೋಡ್ಕೋತಾಳೆ?"

ನಾನು ಹೇಳಲಿಲ್ಲ. ಅವರ ಪರವಾಗಿ ಬಾಯಿಬಿಟ್ಟರೂ ಅದು ನನ್ನ ಪರವಾದ ಮಾತೇ ಆಗುತ್ತಿತ್ತು. ವಾರವಿಡೀ ನಾನೂ ವಿಮಲಾಳೂ ಹಾಲು, ತರಕಾರಿ, ನಲ್ಲಿ ನೀರಿನ ವಿಚಾರ ಬಿಟ್ಟು ಬೇರೇನೂ ಆಡಲಿಲ್ಲ. ಕೊನೆಗೊಂದು ಸಂಜೆ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತು ಹೇಳಿದಳು: "ವಿನಾಯಿತಿ ಉಳೀತು ರೀ. ಆದ್ರೆ ನೀವು ಅದಕ್ಕೆ ಅರ್ಜಿ ಹಾಕಬಾರ್ದು. ನೀವ್ ಹಾಕಿದ್ರೆ ಎಲ್ಲರದ್ದೂ ಹೋಗುತ್ತೆ."

ನನಗೆ ಸಿಟ್ಟು ಬಂತು. ರಾಜ್ಯದ ಗಂಡಂದಿರಿಗೆಲ್ಲ ಇರುವ ಹಕ್ಕು ಇವಳ ಗಂಡನಿಗೆ ಮಾತ್ರ ಇಲ್ಲವೇ? ಅಧಿಕಾರವೆಂದರೆ ಊರವರ ಬಾಳಿಗೆ ಅಳತೆ ಹಿಡಿಯುವುದೆಂದು ತಿಳಿದಿದ್ದೆ; ಕತ್ತರಿ ಮೊದಲು ತಮ್ಮ ಮನೆಯ ಬಟ್ಟೆಗೇ ಬೀಳಬಹುದೆಂದು ಎಣಿಸಿರಲಿಲ್ಲ. ಗೇಟಿನ ಬಳಿ ನಿಂತಿದ್ದ ಬಸವರಾಜಪ್ಪನವರ ಮುಖ ನೆನಪಾಯಿತು. ಅರ್ಜಿ ಹಾಕಲಿಲ್ಲ.

ಬಳ್ಳಾರಿ ಸೀಮೆಯಲ್ಲಿ ನನಗೆ ಸಿಕ್ಕ ಬಾಡಿಗೆ ಮನೆಯ ಕಿಟಕಿ ಎತ್ತರದ್ದು. ಪರದೆಯ ಮಡಿಕೆ ಬಿಚ್ಚಿದೆ. ಮಾಸಿದ ಬಟ್ಟೆಯ ಕೆಳಗೆ ಬಿಸಿಲನ್ನೇ ಕಾಣದ ಒಂದು ಗೇಣು ಅಚ್ಚ ನೀಲಿ ಇಳಿಯಿತು. ಮೊದಲ ಭಾನುವಾರ ಬಂದ ವಿಮಲಾ ಅದನ್ನು ಮುಟ್ಟಿ ನೋಡಿ, "ಇಷ್ಟು ನೀಲಿ ಇತ್ತಾ ಇದು?" ಎಂದಳು. ಆಮೇಲೆ ಸೂಜಿ ದಾರ ಹಿಡಿದು ಅಂಚು ಹೊಲಿಯಲು ಕುಳಿತಳು.

"ಗಟ್ಟಿ ಹೊಲಿಗೆ ಬೇಡ ಕಣೇ," ಎಂದೆ. "ಬೆಂಗಳೂರಿಗೆ ವಾಪಸ್ ಬಂದಾಗ ಮತ್ತೆ ಮಡಚ್ಬೇಕಲ್ಲ."

ಬಸ್ಸಿನ ಹೊತ್ತಾಗುವವರೆಗೂ ಪರದೆ ಅವಳ ಮಡಿಲಲ್ಲೇ ಇತ್ತು. ನಿಯಮ ಬರೆದವಳ ಸೂಜಿ ಮಾತ್ರ ಮುಂದಕ್ಕೆ ಹೋಗಲಿಲ್ಲ.